ಗುರುತು ಮರೆಸಲು ಹೋಗಿ

ಭಾನುವಾರ, ಬೆಳಿಗ್ಗೆ ಹತ್ತೂವರೆ

ಪ್ರೀತಿಯ ಅಮ್ಮನಿಗೆ,

ತಪ್ಪು ಮಾಡಿದ ಮಗಳು ತಲೆ ತಗ್ಗಿಸಿಕೊಂಡು ಮಾಡುವ ನಮಸ್ಕಾರಗಳು.

ಫೋನು ಕೈಯಲ್ಲೇ ಇರುವಾಗ ಇವಳೇಕೆ ಕಾಗದ ಬರೆದಳು ಎಂದು ಗಾಬರಿಯಾಗಿ ನೀನು ಈಗಾಗಲೇ ಕೊನೆಯ ಪುಟಕ್ಕೆ ಹಾರಿರುತ್ತೀ. ವಾಪಸ್ ಬಾ. ನನಗೆ ಕಾಯಿಲೆಯಿಲ್ಲ, ಯಾರ ಜೊತೆಗೂ ಓಡಿಹೋಗಿಲ್ಲ, ತೂಕವೂ ಇಳಿದಿಲ್ಲ. ಫೋನಿನಲ್ಲೇ ಹೇಳೋಣವೆಂದು ಈ ವಾರ ಮೂರು ಸಲ ಪ್ರಯತ್ನಪಟ್ಟೆ. ಮೊದಲನೇ ಸಲ ನೀನು 'ಧ್ವನಿ ಯಾಕೋ ಸರಿಯಿಲ್ಲ, ಹಿಮೋಗ್ಲೋಬಿನ್ ಕಮ್ಮಿ ಇರ್ಬೇಕು' ಅಂದೆ. ಎರಡನೇ ಸಲ ನಾನು ಬಾಯಿ ತೆರೆಯುವ ಮೊದಲೇ 'ಟೆಸ್ಟ್ ಮಾಡಿಸಿದ್ಯಾ?' ಅಂದೆ. ಮೂರನೇ ಸಲ 'ಅಮ್ಮಾ, ನಿನ್ನ ಹತ್ರ ಒಂದು ವಿಷಯ ಹೇಳ್ಬೇಕು' ಎಂದು ಶುರುಮಾಡಿಯೇಬಿಟ್ಟೆ. ಇಪ್ಪತ್ತು ನಿಮಿಷದ ಮೇಲೆ ಫೋನಿಟ್ಟಾಗ ನನ್ನ ಬಚ್ಚಲಿನ ನಲ್ಲಿ ಯಾಕೆ ಸೋರುತ್ತದೆ, ಅದಕ್ಕೆ ಎಂಥ ವಾಷರ್ ಹಾಕಿಸಬೇಕು ಎನ್ನುವುದು ಇತ್ಯರ್ಥವಾಗಿತ್ತು. ವಿಷಯ ಮಾತ್ರ ಗಂಟಲಲ್ಲೇ ಉಳಿದಿತ್ತು.

ಆದ್ದರಿಂದ ಕಾಗದ. ಕಾಗದದ ನಡುವೆ ನೀನು ಬಾಯಿ ಹಾಕುವ ಹಾಗಿಲ್ಲ.

ಇದರ ಜೊತೆ ಒಂದು ಚೀಟಿ ಇಟ್ಟಿದ್ದೇನೆ. ಅದಕ್ಕೆ ನಿನ್ನ ಸಹಿ ಬೇಕು. ಸಹಿಯ ಮೇಲೆ ಎರಡು ಚೌಕಗಳಿವೆ: 'ಕ್ರಮ ಬೇಕು', 'ಕ್ರಮ ಬೇಡ'. ನೀನು ಮೊದಲನೆಯದಕ್ಕೆ ಗುರುತು ಹಾಕಿದರೆ ನನ್ನ ತರಬೇತಿ ಅಲ್ಲಿಗೇ ನಿಲ್ಲುತ್ತದೆ. ಸರ್ಟಿಫಿಕೇಟಿಗೆ ಮುನ್ನೂರು ಗಂಟೆ ಜನರ ಎದುರು ಕೂತಿರಬೇಕು. ನನ್ನದು ಇನ್ನೂರ ಅರವತ್ತು ಮುಗಿದಿದೆ. ಎರಡನೆಯದಕ್ಕೆ ಹಾಕಿದರೆ ಉಳಿದ ನಲವತ್ತು ಗಂಟೆ ಮುಗಿಸಿ ನಾನು ಪೂರ್ತಿ ಕೌನ್ಸೆಲರ್ ಆಗುತ್ತೇನೆ. ಪಕ್ಕದ ಫ್ಲ್ಯಾಟಿನವರಿಗೆ ನೀನು 'ನನ್ನ ಮಗಳದು ಕುರ್ಚಿ ಮೇಲೆ ಕೂತು ಹೂಂ ಅನ್ನೋ ಕೆಲಸ' ಎಂದು ಹೇಳಿದ್ದು ನನಗೆ ತಿಳಿದಿದೆ. ಆ ಹೂಂ ಈಗ ನಿನ್ನ ಕೈಯಲ್ಲಿದೆ ಅಮ್ಮಾ. ಆದರೆ ಪೂರ್ತಿ ಓದದೆ ಸಹಿ ಹಾಕಬೇಡ.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಸುತ್ತುಬಳಸಿ ಬರುತ್ತೇನೆ, ತಾಳ್ಮೆಯಿರಲಿ.

ನಮ್ಮ ಕೇಂದ್ರದಲ್ಲಿ ನನಗೆ ಕೊಟ್ಟಿರುವ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಟೀಪಾಯಿ, ಒಂದು ಪ್ಲಾಸ್ಟಿಕ್ ಗಿಡ ಇವೆ. ಗಿಡಕ್ಕೆ ಯಾರೋ ವಾರಕ್ಕೊಮ್ಮೆ ನೀರು ಹಾಕುತ್ತಾರೆ, ಯಾರೆಂದು ಇವತ್ತಿಗೂ ಪತ್ತೆಯಾಗಿಲ್ಲ. ಬಂದವರು ಹೇಳಿದ್ದನ್ನು ಕೇಳಿ ನನಗೆ ದಿಕ್ಕು ತೋಚದಿದ್ದರೆ ನಮ್ಮ ಗೈಡ್ ಮೇಡಂ ಅವರನ್ನು ಕೇಳಬೇಕು. ಅವರು ಹದಿನೈದು ದಿನಕ್ಕೊಮ್ಮೆ ಇಪ್ಪತ್ತು ನಿಮಿಷ ಸಿಗುತ್ತಾರೆ. ಏನು ಕೇಳಿದರೂ ಕನ್ನಡಕದ ಮೇಲಿಂದ ನೋಡಿ 'ನಿಮಗೇನನ್ಸುತ್ತೆ?' ಅನ್ನುತ್ತಾರೆ. ನನಗೆ ಏನಾದರೂ ಅನ್ನಿಸಿದ್ದರೆ ಅವರ ಬಾಗಿಲು ಯಾಕೆ ತಟ್ಟುತ್ತಿದ್ದೆ? ಒಮ್ಮೆ ಶೌಚಾಲಯ ಯಾವ ಕಡೆ ಎಂದು ಕೇಳಿದಾಗಲೂ ಅದೇ ಉತ್ತರ ಬಂದೀತೆಂದು ಹೆದರಿದ್ದೆ.

ಹಾಗಾಗಿ ನಮ್ಮಂಥ ಹೊಸಬರೆಲ್ಲ ಆನ್‌ಲೈನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರೆ. ಮುನ್ನೂರು ಚಿಲ್ಲರೆ ಮಂದಿ. ಯಾರಿಗೂ ಹೆಸರಿಲ್ಲ, ಫೋಟೋ ಇಲ್ಲ, ಊರಿಲ್ಲ. ಸೇರುವಾಗ ಕೋಣೆಯಲ್ಲಿರುವ ಯಾವುದಾದರೂ ವಸ್ತುವಿನ ಹೆಸರು ಆರಿಸಿಕೊಳ್ಳಬೇಕು, ಆಮೇಲೆ ಅದೇ ನೀನು. ಗುಂಪು ನಡೆಸುವ ಹಿರಿಯರು ಗೋಡೆ ಗಡಿಯಾರ. ನಾನು ಮುಕ್ಕಾಲಿ. ಒಳ್ಳೊಳ್ಳೆಯ ವಸ್ತುಗಳೆಲ್ಲ ಮೊದಲೇ ಖರ್ಚಾಗಿದ್ದವು.

ಹೆಸರು ಮುಚ್ಚಿಟ್ಟುಕೊಳ್ಳುವುದು ಕಳ್ಳರ ಕೆಲಸವಲ್ಲವೇ ಎಂದು ನೀನು ಕೇಳುತ್ತೀ. ಇಲ್ಲ ಅಮ್ಮಾ. ಹೆಸರಿದ್ದರೆ ಯಾರೂ ನಿಜ ಕೇಳುವುದಿಲ್ಲ. 'ಎದುರಿಗಿದ್ದವರು ಅಳುತ್ತಿರುವಾಗ ನನಗೆ ಆಕಳಿಕೆ ಬಂತು, ನಾನು ರಾಕ್ಷಸಿಯೇ?' ಎಂದು ಹೆಸರು ಹಾಕಿ ಕೇಳುವ ಧೈರ್ಯ ಯಾರಿಗಿದೆ? ಟಿಶ್ಯೂ ಡಬ್ಬಿ ಕೇಳಿತು. ಅರ್ಧ ಗಂಟೆಯಲ್ಲಿ ಇಪ್ಪತ್ತು ಜನ 'ನಮಗೂ ಬಂದಿದೆ' ಅಂದರು. ನನಗೂ ಬಂದಿತ್ತು. ಅದನ್ನು ಓದಿದ ದಿನ ನಾನು ಬಸ್ ಸ್ಟಾಪಿನಲ್ಲಿ ನಿಂತು ನಿರಾಳವಾಗಿ ಅತ್ತೆ. ಆ ಗುಂಪಿಲ್ಲದಿದ್ದರೆ ನಾನು ಮೊದಲ ಐವತ್ತು ಗಂಟೆಗೇ ಓಟ ಕೀಳುತ್ತಿದ್ದೆ.

ಗುಂಪಿನ ಮೊದಲ ನಿಯಮ: ನಿಮ್ಮ ಹತ್ತಿರ ಬರುವವರ ಗುರುತು ಮರೆಸಿ ಬರೆಯಿರಿ. ಗಂಡಸಾದರೆ ಹೆಂಗಸು ಮಾಡಿ, ವಯಸ್ಸು ಬದಲಿಸಿ, ಕೆಲಸ ಬದಲಿಸಿ, ಅಭ್ಯಾಸ ಬದಲಿಸಿ. ತೊಂದರೆ ಒಂದನ್ನು ಮಾತ್ರ ಹಾಗೇ ಇಡಿ.

ನನ್ನ ಹತ್ತಿರ ಬರುವ ಒಬ್ಬರಿದ್ದಾರೆ. ಅವರು ಯಾರು, ಗಂಡಸೋ ಹೆಂಗಸೋ, ಏನೂ ಹೇಳುವ ಹಾಗಿಲ್ಲ, ನೀನು ಕೇಳಬೇಡ. ತೊಂದರೆ ಇಷ್ಟೇ: ಬಂದು ಕೂತ ತಕ್ಷಣ ಅವರು ನನ್ನನ್ನು ವಿಚಾರಿಸಲು ಶುರುಮಾಡುತ್ತಾರೆ. ಊಟ ಆಯ್ತಾ, ನಿದ್ದೆ ಆಯ್ತಾ, ಮುಖ ಯಾಕೆ ಸಪ್ಪಗಿದೆ, ಮೇಲಿನವರು ಬೈದರಾ. ಐವತ್ತು ನಿಮಿಷ ಮುಗಿಯುವ ಹೊತ್ತಿಗೆ ನನ್ನ ಕಷ್ಟಗಳನ್ನೆಲ್ಲ ಹೇಳಿಕೊಂಡು ನಾನು ಹಗುರಾಗಿರುತ್ತೇನೆ. ಅವರು 'ಮುಂದಿನ ವಾರ ಸಿಗೋಣ' ಎಂದು ಎದ್ದು ಹೋಗುತ್ತಾರೆ. ಆರು ವಾರ ಇದೇ ಆಯಿತು. ಅವರು ಯಾಕೆ ಬಂದಿದ್ದರೋ ಆ ಮಾತು ಒಮ್ಮೆಯೂ ಹೊರಬರಲಿಲ್ಲ.

ಇದನ್ನು ಗುಂಪಿನಲ್ಲಿ ಕೇಳಬೇಕಾಯಿತು. ಗುರುತು ಮರೆಸಲು ನಾನು ಅವರನ್ನು ಹಡಗಿನ ಕ್ಯಾಪ್ಟನ್ ಮಾಡಿದೆ. ಹಡಗಿನ ಬಗ್ಗೆ ನನಗೆ ಗೊತ್ತಿರುವುದು ಅದು ನೀರಿನ ಮೇಲಿರುತ್ತದೆ ಎನ್ನುವುದಷ್ಟೇ. 'ಕ್ಯಾಪ್ಟನ್ ದಿನಾ ಮಧ್ಯಾಹ್ನ ಮನೆಗೆ ಬಂದು ಮಲಗುತ್ತಾರೆ' ಎಂದು ಬರೆದಿದ್ದೆ. ಟೇಬಲ್ ಫ್ಯಾನ್ ಎನ್ನುವ ಒಂದು ಪ್ರಾಣಿ 'ಯಾವ ಹಡಗು? ಕೆರೆಯದೇ?' ಎಂದು ಕೇಳಿತು. ಎಲ್ಲರೂ ಹಡಗಿನ ಹಿಂದೆ ಬಿದ್ದರು, ನನ್ನ ಪ್ರಶ್ನೆ ಮುಳುಗಿತು. ಆ ಪೋಸ್ಟು ಅಳಿಸಿಹಾಕಿ, ಈ ಸಲ ನನಗೆ ಚೆನ್ನಾಗಿ ಗೊತ್ತಿರುವ ಒಂದು ಬದುಕನ್ನೇ ತೊಡಿಸೋಣ ಅಂದುಕೊಂಡೆ.

ನನಗೆ ಚೆನ್ನಾಗಿ ಗೊತ್ತಿರುವ ಬದುಕು ಯಾರದು ಹೇಳು.

ಹೂಂ. ಬರೆಯುವಾಗ ನನಗೆ ಹೊಳೆಯಲೇ ಇಲ್ಲ, ನಿನ್ನಾಣೆ. ಬೆರಳು ತಾನಾಗಿ ಓಡಿತು: ಆಕೆಗೆ ಅರವತ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ರಕ್ತ ತೆಗೆದು ನಿವೃತ್ತಿ. ಯಾರನ್ನೇ ಕಂಡರೂ ಮೊದಲು ಮೊಣಕೈ ಒಳಗಿನ ನರ ನೋಡುತ್ತಾರೆ. ಯಾರ ಕಣ್ಣಾದರೂ ತುಂಬಿದರೆ 'ಮುಷ್ಟಿ ಬಿಗಿ ಹಿಡೀರಿ, ಒಂದು ಇರುವೆ ಕಚ್ಚಿದ ಹಾಗೆ ಅಷ್ಟೇ' ಅನ್ನುತ್ತಾರೆ. ಅಡುಗೆಮನೆಯ ಡಬ್ಬಿಗಳಿಗೆಲ್ಲ ತಾರೀಖು, ಗಂಟೆ ಬರೆದ ಚೀಟಿ ಅಂಟಿಸುತ್ತಾರೆ. ಒಬ್ಬಳೇ ಮಗಳು, ಬೇರೆ ಊರಲ್ಲಿದ್ದಾಳೆ, ಭಾನುವಾರ ಫೋನು ಮಾಡುತ್ತಾಳೆ. ಇವರು ನನ್ನನ್ನೇ ಸಮಾಧಾನ ಮಾಡಿ ಹೋಗುತ್ತಾರೆ, ಏನು ಮಾಡಲಿ?

ಪೋಸ್ಟು ಹಾಕಿದ ಮೇಲೆ ಎಷ್ಟು ಸಹಜವಾಗಿ ಬಂದಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹಡಗಿನ ಬಗ್ಗೆ ಯಾರೂ ಕೇಳಲಿಲ್ಲ. ನಲವತ್ಮೂರು ಉತ್ತರ ಬಂದವು. ಎಲ್ಲವೂ ಮಗಳ ಮೇಲೆ!

ಟೇಬಲ್ ಫ್ಯಾನ್ ಬರೆಯಿತು: 'ಆಕೆಗೆ ಏನೂ ಆಗಿಲ್ಲ. ಕರೆಸಬೇಕಾದ್ದು ಮಗಳನ್ನು.' ಕಿಟಕಿ ಪರದೆ ಬರೆಯಿತು: 'ಭಾನುವಾರ ಮಾತ್ರ ಫೋನು ಮಾಡುವ ಮಗಳು ಅಂದರೆ ಕಲ್ಲೆದೆಯವಳೇ ಇರಬೇಕು.' ನನಗೆ ತಲೆ ಕೆಟ್ಟುಹೋಯಿತು. ಮಗಳಿಗೆ ಕೆಲಸದ ಒತ್ತಡ ಇರಬಹುದಲ್ಲ ಅಂದೆ. ಮಗಳು ಒಳ್ಳೆಯವಳೆಂದೇ ನನಗೆ ಕಾಣುತ್ತದೆ ಅಂದೆ. ಬುಧವಾರಗಳಂದು ಕೂಡ ಒಮ್ಮೊಮ್ಮೆ ಮಾಡುತ್ತಾಳಂತೆ ಅಂದೆ. ಹನ್ನೊಂದು ಸಲ ಆ ಮಗಳ ಪರ ವಾದ ಮಾಡಿದೆ. ಕೊನೆಗೆ ಟೇಬಲ್ ಫ್ಯಾನ್ 'ಮುಕ್ಕಾಲಿಯವರೇ, ಆ ಮಗಳು ನಿಮಗೆ ಬಂಧುವೇ?' ಎಂದು ಕೇಳಿತು. ಆಗಲೂ ನನ್ನ ತಲೆಗೆ ಹೋಗಲಿಲ್ಲ ನೋಡು. ನಾನು ಜನರ ಮನಸ್ಸು ಓದುವ ತರಬೇತಿ ಪಡೆಯುತ್ತಿರುವವಳು.

ಒಂದಕ್ಕೆ ಮಾತ್ರ ನಾನು ಉತ್ತರ ಕೊಡಲಿಲ್ಲ. ಟಿಶ್ಯೂ ಡಬ್ಬಿ ಕೇಳಿತ್ತು: 'ಎಲ್ಲರನ್ನೂ ವಿಚಾರಿಸುವ ಈ ತಾಯಿಯನ್ನು ಮಗಳು ಯಾವತ್ತಾದರೂ ವಿಚಾರಿಸಿದ್ದಾಳೆಯೇ?'

ಆಮೇಲೆ ಗೋಡೆ ಗಡಿಯಾರದವರು ಬಂದರು. ಅವರು ಎರಡು ಮೂರು ಸಾಲಷ್ಟೇ ಬರೆಯುವುದು. 'ಮುಂದಿನ ಸಲ ಆಕೆ ನಿಮ್ಮನ್ನು ಕೇಳಿದಾಗ ಉತ್ತರ ಕೊಡಬೇಡಿ. ಎಲ್ಲರನ್ನೂ ನೀವು ಕೇಳ್ತೀರಿ, ನಿಮ್ಮನ್ನ ಯಾರು ಕೇಳ್ತಾರೆ ಎಂದು ಕೇಳಿ, ಬಾಯಿ ಮುಚ್ಚಿಕೊಂಡು ಕೂರಿ. ಸೂರು ಬಿದ್ದರೂ ತೆರೆಯಬೇಡಿ.' ಮರುವಾರ ನಾನು ಹಾಗೇ ಮಾಡಿದೆ. ಏನಾಯಿತು ಎಂದು ಹೇಳುವ ಹಾಗಿಲ್ಲ. ಆ ದಿನ ನನ್ನ ಕಷ್ಟ ನನ್ನ ಹತ್ತಿರವೇ ಉಳಿಯಿತು ಅಂದರೆ ನಿನಗೆ ಅರ್ಥವಾಗುತ್ತದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಈ ಕಾಗದ ಇರುತ್ತಿರಲಿಲ್ಲ.

ಪೋಸ್ಟು ಹಾಕಿದ ಎರಡನೇ ದಿನ ಮಧ್ಯಾಹ್ನ, ಊಟದ ಡಬ್ಬಿ ತೆರೆದು ಕೂತಿದ್ದಾಗ, ಅದರ ಕೆಳಗೆ ಹೊಸ ಉತ್ತರ ಬಂತು. ಬರೆದದ್ದು ಕಾಲೊರಸು. ಗುಂಪಿನಲ್ಲಿ ಎಲ್ಲರಿಗಿಂತ ಹೊಸಬ, ಅದುವರೆಗೆ ಬಾಯಿಯೇ ಬಿಟ್ಟಿರಲಿಲ್ಲ. ಬರೆದದ್ದು ಇಷ್ಟು: 'ಇವರು ನನ್ನ ಕ್ಲೈಂಟ್! ನಿಮಗೆ ಹೇಗೆ ಗೊತ್ತು? ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿರಾ? ಇವರು ನನ್ನ ನರ ನೋಡುತ್ತಾರೆಂದೇ ನಾನು ಬೇಸಗೆಯಲ್ಲೂ ತುಂಬುತೋಳಿನ ಅಂಗಿ ಹಾಕಿಕೊಂಡು ಕೂರುವುದು!' ನಾಲ್ಕು ನಿಮಿಷದಲ್ಲಿ ಅದನ್ನು ಅಳಿಸಿಹಾಕಿದ. ಆದರೆ ಆ ನಾಲ್ಕು ನಿಮಿಷದಲ್ಲಿ ನಾನು ಅದನ್ನು ಒಂಬತ್ತು ಸಲ ಓದಿದ್ದೆ.

ಮೊದಲು ನನಗೆ ಬಂದದ್ದು ನಗು. ಎಂಥ ಮಳ್ಳ, ನಾನು ಕಲ್ಪಿಸಿದ ಹೆಂಗಸು ಇವನ ಕ್ಲೈಂಟಂತೆ! ಆಮೇಲೆ ಕಲ್ಪಿಸಿದೆನೇ ಎಂದು ಯೋಚಿಸಿದೆ. ಮೊಣಕೈ ನೋಡುವ, ಮುಷ್ಟಿ ಹಿಡಿಯಿರಿ ಅನ್ನುವ, ಡಬ್ಬಿಗೆ ಗಂಟೆ ಬರೆದು ಅಂಟಿಸುವ ಹೆಂಗಸು ಭೂಮಿಯ ಮೇಲೆ ಎಷ್ಟು ಜನ ಇರಬಹುದು? ಬಾಯಲ್ಲಿದ್ದ ತುತ್ತು ಹಾಗೇ ಉಳಿಯಿತು. ನೋಡು, ಒಬ್ಬರ ಗುರುತು ಮರೆಸಲು ಹೋಗಿ ಇನ್ನೊಬ್ಬರ ಗುರುತನ್ನು ಮುನ್ನೂರು ಜನರ ಮುಂದೆ ಹರಡಿದ್ದೆ. ಆ ಇನ್ನೊಬ್ಬರು ನನ್ನನ್ನು ಹೆತ್ತವಳು. ಅದರ ಮೇಲೆ, ಆ ಹೆತ್ತವಳು ವಾರ ವಾರ ಒಬ್ಬ ಕೌನ್ಸೆಲರ್ ಹತ್ತಿರ ಹೋಗಿ ಕೂರುತ್ತಾಳೆ, ನನಗೆ ಸುಳಿವೇ ಇಲ್ಲ.

ಅವತ್ತು ಮಧ್ಯಾಹ್ನ ಪೂರ್ತಿ ನನಗೆ ಯಾವ ಭಾವನೆ ಎಂದು ನಾನೇ ಪಟ್ಟಿ ಮಾಡಲು ಕೂತೆ. ನಮಗೆ ಹಾಗೆ ಕಲಿಸುತ್ತಾರೆ. ನಾಚಿಕೆ, ಭಯ, ಅಪರಾಧಿ ಭಾವ ಎಂದು ಬರೆದೆ. ಆಮೇಲೆ ನಿಜ ಬರೆದೆ: ಹೊಟ್ಟೆಕಿಚ್ಚು. ನನ್ನಮ್ಮ ಕಾಲೊರಸಿನ ಹತ್ತಿರ ಹೇಳಿಕೊಳ್ಳುತ್ತಾಳೆ, ನನ್ನ ಹತ್ತಿರ ಅಲ್ಲ. ನಾನೂ ಅದೇ ಕೆಲಸ ಮಾಡುವವಳು. ನನ್ನದು ಇನ್ನೂರ ಅರವತ್ತು ಗಂಟೆ!

ಗೋಡೆ ಗಡಿಯಾರದವರಿಗೆ ನಾನೇ ಎಲ್ಲ ಬರೆದು ತಪ್ಪೊಪ್ಪಿಕೊಂಡೆ. ಅವರು ನನ್ನ ಪೋಸ್ಟನ್ನು ತೆಗೆದುಹಾಕಿ, ಎರಡು ವಾರ ಯೋಚನೆ ಮಾಡಿ, ಮೊನ್ನೆ ಫೋನು ಮಾಡಿದರು. ಗಡಿಯಾರದ ಧ್ವನಿ ಕೇಳಿದ್ದು ಅದೇ ಮೊದಲು. ವಯಸ್ಸಾದ ಹೆಂಗಸು, ಹಿಂದೆ ಕುಕ್ಕರ್ ಕೂಗುತ್ತಿತ್ತು. ತಪ್ಪು ಇಬ್ಬರದೂ ಅಂದರು. ನಾನು ನಿನ್ನನ್ನು ಕೇಳದೆ ಬರೆದದ್ದು ತಪ್ಪು, ಅವನು 'ನನ್ನ ಕ್ಲೈಂಟ್' ಎಂದು ಕೂಗಿದ್ದು ತಪ್ಪು. ಆದರೆ ಶಿಕ್ಷೆ ಕೊಡಬೇಕೋ ಬೇಡವೋ ಎನ್ನುವುದು ಗುಂಪಿನ ತೀರ್ಮಾನವಲ್ಲ, ಯಾರ ಗುರುತು ಬಯಲಾಯಿತೋ ಅವರದು. ಅವರಿಗೆ ನೀವಿಬ್ಬರೂ ಎಲ್ಲವನ್ನೂ ಹೇಳಿ, ನೀವು ಬರಹದಲ್ಲೇ ಹೇಳಿ, ಫೋನಿನಲ್ಲಿ ಹೇಳಿದರೆ ನಿಮ್ಮಮ್ಮ ನಿಮ್ಮನ್ನೇ ಸಮಾಧಾನ ಮಾಡಿಬಿಡುತ್ತಾರೆ ಅಂದರು. ಅವರಿಗೆ ನಿನ್ನ ಪರಿಚಯ ಪೋಸ್ಟಿನಲ್ಲೇ ಚೆನ್ನಾಗಿ ಆಗಿತ್ತು. ನಮ್ಮ ತರಬೇತಿ ಕೇಂದ್ರಕ್ಕೂ ಅವರೇ ವಿಷಯ ತಿಳಿಸಿದ್ದಾರೆ, ಸಹಿ ಮಾಡಿದ ಚೀಟಿ ಹತ್ತು ದಿನದೊಳಗೆ ಅಲ್ಲಿಗೆ ತಲುಪಬೇಕು.

ಇದಿಷ್ಟು ನಡೆದದ್ದು. ನಿನ್ನನ್ನು ಕೇಳದೆ ನಿನ್ನ ಬದುಕನ್ನು ಬೇರೆಯವರಿಗೆ ಅಂಗಿಯ ಹಾಗೆ ತೊಡಿಸಿದೆ. ತಪ್ಪಾಯಿತು ಅಮ್ಮಾ. 'ಬೇಕು' ಎಂದು ಗುರುತು ಹಾಕಿದರೂ ನಿನ್ನ ಮೇಲೆ ಕೋಪ ಮಾಡಿಕೊಳ್ಳುವುದಿಲ್ಲ. ಸ್ವಲ್ಪ ಮಾಡಿಕೊಳ್ಳಬಹುದು, ಆದರೆ ತೋರಿಸುವುದಿಲ್ಲ.

ನೀನು ಯಾಕೆ ಅಲ್ಲಿಗೆ ಹೋಗುತ್ತೀ ಎಂದು ನಾನು ಕೇಳುವುದಿಲ್ಲ. ಅದು ನಿನ್ನ ಹಕ್ಕು. ಎಷ್ಟು ದಿನದಿಂದ ಎಂದೂ ಕೇಳುವುದಿಲ್ಲ. ನನ್ನ ಬಗ್ಗೆಯೇ ಹೇಳಿಕೊಳ್ಳಲು ಹೋಗುತ್ತೀಯಾ, ಅದನ್ನಂತೂ ಖಂಡಿತ ಕೇಳುವುದಿಲ್ಲ. ನನಗೆ ಹೇಳಬಹುದಿತ್ತಲ್ಲ ಎಂದು ಕೇಳುವ ಹಕ್ಕು ನನಗಿಲ್ಲ, ಆದ್ದರಿಂದ ಅದನ್ನೂ ಕೇಳುವುದಿಲ್ಲ.

ಯಾಕೆ ಹೇಳಲಿಲ್ಲ ಅಮ್ಮಾ?

ಉತ್ತರಕ್ಕೆ ಕಾದಿರುವ,
ನಿನ್ನ ಮುಕ್ಕಾಲಿ

ಮರೆತಿದ್ದೆ: ಟಿಶ್ಯೂ ಡಬ್ಬಿಗೆ ನಾನು ಉತ್ತರ ಕೊಡಲಿಲ್ಲ ಎಂದೆನಲ್ಲ, ಕೊಡಲು ಉತ್ತರ ಇರಲಿಲ್ಲ. ಕೂತು ಹಳೆಯ ಭಾನುವಾರಗಳನ್ನೆಲ್ಲ ನೆನಪು ಮಾಡಿಕೊಂಡೆ. ನೀನು ಹೇಗಿದ್ದೀ ಎಂದು ಕೇಳಿದ್ದೇನೆ. 'ನಂಗೇನಾಗಿದೆ' ಅಂದಿದ್ದೀ. ಅಲ್ಲಿಗೆ ನಾನು ನನ್ನ ಪುರಾಣ ಶುರುಮಾಡಿದ್ದೇನೆ.

*

ಗುರುವಾರ, ಸಂಜೆ ನಾಲ್ಕು

ಮಗಳೇ,

ನೂರು ಕಾಲ ಬಾಳು, ಆದರೆ ಊಟದ ಹೊತ್ತಿಗೆ ಊಟ ಮಾಡಿಕೊಂಡು ಬಾಳು. ಬಾಯಲ್ಲಿ ತುತ್ತು ಇಟ್ಟುಕೊಂಡು ಫೋನು ನೋಡುವ ಅಭ್ಯಾಸ ಇನ್ನೂ ಬಿಟ್ಟಿಲ್ಲ ಎಂದು ತಿಳಿಯಿತು.

ಇದನ್ನು ನಾನು ಹೇಳುತ್ತಿದ್ದೇನೆ, ನಮ್ಮ ಬೀದಿಯ ಟೈಪಿಂಗ್ ಅಂಗಡಿಯವಳು ಕಂಪ್ಯೂಟರಿನಲ್ಲಿ ಬರೆದುಕೊಳ್ಳುತ್ತಿದ್ದಾಳೆ. ನನ್ನ ಹೊಸ ಕನ್ನಡಕ ಇನ್ನೂ ಬಂದಿಲ್ಲ, ಅದಕ್ಕೆ. ನೀನು ಗುಟ್ಟು ಕಾಪಾಡುವುದರ ಬಗ್ಗೆ ಇಷ್ಟು ಪುಟ ಬರೆದಿದ್ದೀ, ನಾನು ಅದನ್ನು ಇಲ್ಲಿ ಕೂತು ಗಟ್ಟಿಯಾಗಿ ಓದಿಸಿದೆ. ಲ್ಯಾಮಿನೇಷನ್ ಮಾಡಿಸಲು ಬಂದ ಗಂಡಹೆಂಡತಿಯೂ ಕೇಳಿಸಿಕೊಂಡರು. ಟೈಪ್ ಮಾಡುವವಳು ನಿನ್ನ ಪರ. ಗಂಡಹೆಂಡತಿ ಟೇಬಲ್ ಫ್ಯಾನ್ ಪರ. ಅವರ ಕೆಲಸ ಮುಗಿದು ಆಗಲೇ ಹತ್ತು ನಿಮಿಷವಾಯಿತು, ಇನ್ನೂ ಎದ್ದಿಲ್ಲ.

ಚೀಟಿಯಲ್ಲಿ 'ಬೇಡ'ಕ್ಕೆ ಗುರುತು ಹಾಕಿದ್ದೇನೆ. ಒಂದೇ ಒಂದು ತಕರಾರಿದೆ, ನಿನ್ನ ಗಡಿಯಾರದವರಿಗೆ ತಿಳಿಸು. ನಾನು ಮೊದಲು ನೋಡುವುದು ಮೊಣಕೈ ಅಲ್ಲ, ಮುಖ. ಎದುರಿಗಿರುವವರು ಎಷ್ಟು ಹೆದರಿದ್ದಾರೆಂದು ನೋಡಿಕೊಂಡ ಮೇಲೇ ಮೊಣಕೈ. ಬರೆಯುವುದಾದರೆ ಸರಿಯಾಗಿ ಬರೆಯಬೇಕು.

ನಿನ್ನ ಕಾಲೊರಸು ಮಂಗಳವಾರವೇ ಎಲ್ಲ ಹೇಳಿದ, ನಿನ್ನ ಕಾಗದ ಬರುವ ಮೊದಲೇ. ಹೇಳುವಾಗ ನಡುವೆ ನಾನೇ ಎದ್ದು ಅವನಿಗೆ ನೀರು ಕೊಟ್ಟೆ. ಪೋಸ್ಟು ಹಾಕಿದವರು ಯಾರೆಂದು ಅವನಿಗೆ ಗೊತ್ತಿರಲಿಲ್ಲ, ನಾನೇ ಹೇಳಿದೆ. ಡಬ್ಬಿಗೆ ಗಂಟೆ ಬರೆಯುವುದು ನನ್ನ ಮಗಳೊಬ್ಬಳಿಗೇ ಗೊತ್ತು, ಅವಳೇ ಇರಬೇಕು ಅಂದೆ. ಅವನು 'ಹಾಗಾದ್ರೆ ಹನ್ನೊಂದು ಸಲ ವಾದ ಮಾಡಿದ್ದು...' ಎಂದು ಶುರುಮಾಡಿ ನಗು ತಡೆಯಲು ಒದ್ದಾಡಿದ. ನಾನೇ ಮೊದಲು ನಕ್ಕೆ, ಆಮೇಲೆ ಅವನೂ ನಕ್ಕ. ಒಳ್ಳೆಯವನು. ಅವತ್ತು ಅರ್ಧ ತೋಳಿನ ಅಂಗಿ ಹಾಕಿದ್ದ. ನರ ಚೆನ್ನಾಗಿದೆ.

ಕೇಳುವುದಿಲ್ಲ ಕೇಳುವುದಿಲ್ಲ ಎಂದು ನಾಲ್ಕು ಸಲ ಬರೆದು ಐದನೇ ಸಲ ಕೇಳಿದ್ದೀಯಲ್ಲ, ಅದಕ್ಕೆ ಉತ್ತರ.

ನೀನು ಆ ಕೇಂದ್ರ ಸೇರಿದ ಮೊದಲ ತಿಂಗಳು ನಿನ್ನ ಹತ್ತಿರ ಒಬ್ಬರೂ ಬರಲಿಲ್ಲ. ದಿನವಿಡೀ ಎದುರಿನ ಖಾಲಿ ಕುರ್ಚಿ ನೋಡಿಕೊಂಡು ಕೂತಿರ್ತೀನಿ ಎಂದು ನೀನು ಫೋನಿನಲ್ಲಿ ಅತ್ತೆ. 'ನಾನೇ ಬಂದು ಕೂತ್ಕೊಳ್ಲಾ' ಎಂದು ನಾನು ಕೇಳಿದೆ. 'ಸ್ವಂತ ತಾಯಿ ಬರೋ ಹಾಗಿಲ್ಲಮ್ಮ, ನಿಯಮ' ಎಂದು ನೀನು ಅಂದೆ. ಸರಿ, ನಿಯಮ ಅಂದರೆ ನಿಯಮ. ಮಾರನೇ ದಿನ ಔಷಧಿ ತರಲು ಹೋದಾಗ ಅಂಗಡಿಯ ಮೇಲಿನ ಮಹಡಿಗೆ ಹೊಸ ಬೋರ್ಡು ಹಾಕಿದ್ದರು. ಮೆಟ್ಟಿಲು ಹತ್ತಿ ಗಾಜಿನ ಬಾಗಿಲಲ್ಲಿ ಇಣುಕಿದೆ. ಯಾರ ಮಗನೋ, ಹೊಸ ಅಂಗಿ ಹಾಕಿಕೊಂಡು, ಎದುರಿನ ಖಾಲಿ ಕುರ್ಚಿ ನೋಡಿಕೊಂಡು ಕೂತಿದ್ದ. ನಾನು ಇವನ ಎದುರು ಕೂತರೆ, ನಿನ್ನ ಊರಿನಲ್ಲಿ ಯಾರದೋ ತಾಯಿ ಬಂದು ನಿನ್ನ ಎದುರು ಕೂತಾಳು ಅನ್ನಿಸಿತು. ಇದಕ್ಕೆ ಬುಡವೂ ಇಲ್ಲ ತಲೆಯೂ ಇಲ್ಲ, ನನಗೆ ಗೊತ್ತು. ಆದರೂ ಬಾಗಿಲು ತಳ್ಳಿದೆ. ಮರುವಾರ ನೀನು ಫೋನು ಮಾಡಿ ಇಬ್ಬರು ಬಂದರು ಅಂದೆ. ಆಮೇಲೆ ನಾನು ಹೇಗೆ ಬಿಡಲಿ? ಬಿಟ್ಟರೆ ನಿನ್ನವರು ಬರುವುದು ನಿಂತರೆ?

ಟೈಪ್ ಮಾಡುವವಳು ಕಣ್ಣೊರೆಸಿಕೊಳ್ಳುತ್ತಿದ್ದಾಳೆ, ಸ್ವಲ್ಪ ತಡಿ.

ಹೀಗೆ ಎಷ್ಟೋ ತಿಂಗಳು ನಾನು ಅವನನ್ನು ವಿಚಾರಿಸಿಕೊಂಡು ಬರುತ್ತಿದ್ದೆ. ಹೋದ ವಾರಕ್ಕೆ ಮುಂಚಿನ ಮಂಗಳವಾರ ನಾನು ಊಟ ಆಯ್ತಾ ಎಂದರೆ ಅವನು ಉತ್ತರ ಕೊಡಲಿಲ್ಲ. 'ಎಲ್ಲರನ್ನೂ ನೀವು ಕೇಳ್ತೀರಿ, ನಿಮ್ಮನ್ನ ಯಾರು ಕೇಳ್ತಾರೆ?' ಅಂದು ತುಟಿ ಬಿಗಿದು ಕೂತ. ಅದನ್ನು ನಿನ್ನ ಪೋಸ್ಟಿನ ಕೆಳಗಿಂದ ಕದ್ದದ್ದಂತೆ, ಈ ಮಂಗಳವಾರ ಒಪ್ಪಿಕೊಂಡ. ನಾನು ಮೇಜು ನೋಡಿದೆ, ಫ್ಯಾನ್ ನೋಡಿದೆ, ಅವನ ಮುಖ ನೋಡಿದೆ. ತೆರೆಯಲಿಲ್ಲ ಬಾಯಿ. ಕೊನೆಗೆ ನಾನೇ ತೆರೆಯಬೇಕಾಯಿತು. ಹಾಗಾಗಿ ನಿನ್ನ ಪೋಸ್ಟಿನಿಂದ ನಷ್ಟವೇನೂ ಆಗಿಲ್ಲ. ಏನು ಹೇಳಿದೆ ಎಂದು ಇಲ್ಲಿ ಬರೆಸುವುದಿಲ್ಲ, ಗಂಡಹೆಂಡತಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಿದ್ದಾರೆ.

ಉಳಿದ ನಲವತ್ತು ಗಂಟೆ ಚೆನ್ನಾಗಿ ಮುಗಿಸು. ಭಾನುವಾರ ಫೋನು ಮಾಡಿದಾಗ 'ನಿನಗೆ ಹಾಗನ್ನಿಸ್ತಿದೆಯಾ ಅಮ್ಮಾ' ಎಂದು ಮೆತ್ತಗೆ ಮಾತಾಡುವುದು ಬೇಡ. ಮೊದಲಿನ ಹಾಗೆ ಜಗಳ ಆಡು, ನನಗೆ ಅದೇ ಹಿತ.

ಇಂತಿ, ನಿನ್ನ ಕಾಗದ ಎರಡು ಸಲ ಓದಿಸಿಕೊಂಡ,
ಅಮ್ಮ

ಮತ್ತೊಂದು ಮಾತು. ಇದನ್ನು ಮನೆಗೆ ಬಂದು ನನ್ನ ಕೈಯಲ್ಲೇ ಬರೆಯುತ್ತಿದ್ದೇನೆ. ಕನ್ನಡಕ ಬಂದು ತಿಂಗಳಾಯಿತು, ಮೂಗಿನ ಮೇಲೇ ಇದೆ. ಚೀಟಿಯ ಸಹಿ ನೋಡಿ ನಿಮ್ಮ ಕೇಂದ್ರದವರು ಇದು ತಾಯಿಯ ಸಹಿಯಲ್ಲ, ನೀನೇ ಗೀಚಿದ್ದು ಅಂದಾರು. ಅಂದರೆ ಈ ಅಕ್ಷರಗಳನ್ನು ತೋರಿಸು. ಎರಡು ವರ್ಷದಿಂದ ಬಲಗೈ ನಡುಗುತ್ತದೆ. ಮಂಡಿ ನೋವೆಂದು ಅವಧಿಗೆ ಮೊದಲೇ ಕೆಲಸ ಬಿಟ್ಟೆ ಎಂದು ನಿನಗೆ ಹೇಳಿದ್ದೆ. ಮಂಡಿ ಚೆನ್ನಾಗಿದೆ. ಒಬ್ಬ ಅಜ್ಜನಿಗೆ ಮೂರು ಕಡೆ ಚುಚ್ಚಿದರೂ ನರ ಸಿಗಲಿಲ್ಲ. ಅವರು 'ಪರವಾಗಿಲ್ಲ ತಾಯಿ, ನಿಧಾನಕ್ಕೆ ತಗೊಳ್ಳಿ' ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಮಾರನೇ ದಿನ ರಾಜೀನಾಮೆ ಬರೆದೆ. ಅವನಿಗೆ ಹೇಳಿದ್ದು ಇದನ್ನೇ. ಅವನು ಮೊದಲನೆಯವನು, ನೀನು ಎರಡನೆಯವಳು, ಮೂರನೆಯವರು ಡಾಕ್ಟರು. ಮುಂದಿನ ಶನಿವಾರ ಹತ್ತು ಗಂಟೆಗೆ ಬರಹೇಳಿದ್ದಾರೆ, ರಕ್ತವನ್ನೂ ತೆಗೆಯುತ್ತಾರಂತೆ. ಮೂವತ್ತೊಂದು ವರ್ಷ ಊರಿಗೆಲ್ಲ ಚುಚ್ಚಿದವಳಿಗೆ ಚುಚ್ಚಿಸಿಕೊಳ್ಳುವುದೆಂದರೆ ಜೀವ ಬಾಯಿಗೆ ಬರುತ್ತದೆ. ರಜೆ ಹಾಕಿ ಬಾ.